ಕನ್ನಡಿಯೊಳಗಿನ ಗಂಟು ಬ್ಯಾಕಪ್ ಅಲ್ಲ ಮಾರಾಯ್ರೇ!

ಹೋದ ಭಾನುವಾರ ಗೆಳೆಯನೊಬ್ಬನ ಮನೆಗೆ ಹೋಗಿದ್ದೆ. ಕಾಫಿ ಬರುವ ಮೊದಲೇ ಕೈ ಹಿಡಿದು ಟೀವಿ ಹಿಂದಿನ ಶೆಲ್ಫಿನ ಹತ್ತಿರ ಎಳೆದುಕೊಂಡು ಹೋದ. ಅಲ್ಲೊಂದು ಹೊಸ ನ್ಯಾಸ್ ಪೆಟ್ಟಿಗೆ. ನ್ಯಾಸ್ ಅಂದರೆ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಮನೆಯ ನೆಟ್‌ವರ್ಕಿಗೆ ಸಿಕ್ಕಿಸಿಟ್ಟ ಡಿಸ್ಕಿನ ಡಬ್ಬಿ. ಮನೆಯಲ್ಲಿರುವ ಎಲ್ಲ ಕಂಪ್ಯೂಟರುಗಳೂ ಅದರಲ್ಲಿ ಫೈಲು ಇಡಬಹುದು.

"ಎರಡು ಡಿಸ್ಕು, ರೇಡ್ ಹಾಕಿದ್ದೀನಿ. ನಮ್ಮ ಲಿನಕ್ಸ್ ಸರ್ವರಿನಿಂದ ದಿನಾ ರಾತ್ರಿ ಎರಡು ಗಂಟೆಗೆ ಆರ್‌ಸಿಂಕ್ ಆಗುತ್ತೆ. ಇನ್ನು ಬ್ಯಾಕಪ್ಪಿನ ಚಿಂತೆ ಇಲ್ಲ ಮಾರಾಯ" ಅಂದ.

"ಡಿಲೀಟ್ ಆಪ್ಷನ್ ಹಾಕಿದ್ದೀಯಾ?" ಅಂದೆ.

"ಹಾಕದೆ ಮತ್ತೆ? ಎರಡೂ ಕಡೆ ಒಂದೇ ಥರ ಇರಬೇಕಲ್ಲ!"

"ಒಂದಾದ್ರೂ ಫೈಲು ಅದರಿಂದ ವಾಪಸ್ ತೆಗೆದು ನೋಡಿದ್ದೀಯಾ?"

"ಯಾಕೆ? ಏನೂ ಕಳೆದು ಹೋಗಿಲ್ಲವಲ್ಲ!"

ಕಾಫಿ ಕುಡಿದು ಸುಮ್ಮನೆ ಬಂದೆ. ಬಂದ ಮೇಲೆ ಸಿಟ್ಟು ಬರತೊಡಗಿತು. ಅವನ ಮೇಲಲ್ಲ, ಮೂರು ವರ್ಷದ ಹಿಂದೆ ಪಕ್ಕಾ ಅವನ ಹಾಗೇ ಮಾತಾಡುತ್ತಿದ್ದ ನನ್ನ ಮೇಲೆ. ಹಾಗಾಗಿ ಇವತ್ತು ಬೈಯೋಣ ಅಂತಲೇ ಕೂತಿದ್ದೇನೆ. ಮನೆಯಲ್ಲಿ ಹಳೇ ಡೆಸ್ಕ್‌ಟಾಪಿಗೆ ಡೆಬಿಯನ್ನೋ ಉಬುಂಟುವೋ ಹಾಕಿ ಸರ್ವರ್ ಮಾಡಿಕೊಂಡು, ಪಕ್ಕದಲ್ಲೊಂದು ನ್ಯಾಸ್ ಇಟ್ಟುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡುವ ಎಲ್ಲರಿಗೂ ಈ ಬೈಗುಳ ಸಲ್ಲುತ್ತದೆ.

ಮೊದಲು ನನ್ನ ಕಥೆ ಕೇಳಿ.

ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪಯ್ಯನಿಗೆ ತಾಳಮದ್ದಲೆ ಹುಚ್ಚು. ವೃತ್ತಿ ಕಲಾವಿದರೇನಲ್ಲ. ಮಳೆಗಾಲದ ರಾತ್ರಿ ಊರಿನ ದೇವಸ್ಥಾನದಲ್ಲೋ, ಯಾರದ್ದಾದರೂ ಮನೆ ಜಗಲಿಯಲ್ಲೋ ಕೂತು ಅರ್ಥ ಹೇಳುತ್ತಿದ್ದವರು. ವಾಲಿವಧೆಯ ವಾಲಿ, ಕರ್ಣಭೇದನದ ಕರ್ಣ ಅವರಿಗೆ ಇಷ್ಟದ ಪಾತ್ರಗಳು. ಆ ಕೂಟಗಳನ್ನೆಲ್ಲ ಚಿಕ್ಕಪ್ಪ ಒಂದು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಒಟ್ಟು 23 ಕ್ಯಾಸೆಟ್ಟು. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಒಂದೊಂದನ್ನೇ ಒರೆಸಿ, ಟೇಪ್ ಡೆಕ್ಕಿನಿಂದ ಕಂಪ್ಯೂಟರಿಗೆ ವೈರ್ ಎಳೆದು, ಪೂರ್ತಿ ಓಡಿಸಿ ಫೈಲು ಮಾಡಿದೆ. ಮೂರು ತಿಂಗಳ ಭಾನುವಾರಗಳು ಅದಕ್ಕೇ ಹೋದವು. ಆಮೇಲೆ ಊರಿನ ಮನೆ ರಿಪೇರಿ ಆಗುವಾಗ ಕ್ಯಾಸೆಟ್ಟಿನ ಪೆಟ್ಟಿಗೆಯನ್ನು ಎಸೆದರು. "ಇರಲಿ ಎಸೀರಿ, ಕಂಪ್ಯೂಟರಲ್ಲಿ ಇದೆಯಲ್ಲ" ಅಂದಿದ್ದು ನಾನೇ!

ನನ್ನ ಸರ್ವರಿನಲ್ಲಿ ಎರಡು ಡಿಸ್ಕು ಇದ್ದವು. ಸಣ್ಣದರಲ್ಲಿ ಲಿನಕ್ಸ್, ದೊಡ್ಡದರಲ್ಲಿ ಫೋಟೋ, ಹಾಡು, ಕಾಗದಪತ್ರ, ಈ ತಾಳಮದ್ದಲೆ ಎಲ್ಲ. ದೊಡ್ಡ ಡಿಸ್ಕು ಡೇಟಾ ಅನ್ನೋ ಫೋಲ್ಡರಿಗೆ ಮೌಂಟ್ ಆಗುತ್ತಿತ್ತು. ರಾತ್ರಿ ಎರಡಕ್ಕೆ ಕ್ರಾನ್ ಎದ್ದು, ಡೇಟಾ ಫೋಲ್ಡರನ್ನು ಡಿಲೀಟ್ ಆಪ್ಷನ್ ಸಮೇತ ನ್ಯಾಸಿಗೆ ಆರ್‌ಸಿಂಕ್ ಮಾಡುತ್ತಿತ್ತು. ನ್ಯಾಸಿನಲ್ಲೂ ರೇಡ್. ಅಂದರೆ ಪ್ರತಿ ಫೈಲಿಗೂ ಮೂರು ಪ್ರತಿ. ಎಷ್ಟು ಹೆಮ್ಮೆ ಅಂತೀರಿ..

ಒಂದು ದಿನ ಸಂಜೆ ಗುಡುಗು ಮಳೆ. ಕರೆಂಟು ಹೋಗಿ ಬಂದು, ಹೋಗಿ ಬಂದು ಆಯ್ತು. ಸರ್ವರ್ ತಾನಾಗೇ ಆನ್ ಆಯಿತು. ಆದರೆ ದೊಡ್ಡ ಡಿಸ್ಕು ಏಳಲಿಲ್ಲ. ಅದು ಏಳದಿದ್ದರೂ ಸರ್ವರ್ ಬೂಟ್ ಆಗಲಿ ಅಂತ ನಾನೇ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ನೋಫೇಲ್ ಅಂತ ಬರೆದಿಟ್ಟಿದ್ದೆ. ಹಾಗಾಗಿ ಡೇಟಾ ಫೋಲ್ಡರ್ ಇತ್ತು, ಆದರೆ ಒಳಗೆ ಏನೂ ಇಲ್ಲ. ರಾತ್ರಿ ಎರಡು ಗಂಟೆಗೆ ಆರ್‌ಸಿಂಕ್ ಬಂದು ನೋಡಿತು. ಈ ಕಡೆ ಖಾಲಿ, ಆ ಕಡೆ ಬೇಕಾದಷ್ಟಿದೆ. ಎರಡೂ ಒಂದೇ ಥರ ಇರಬೇಕು ಅಂತಲ್ಲವೇ ಯಜಮಾನರ ಅಪ್ಪಣೆ? ಚೊಕ್ಕವಾಗಿ ಗುಡಿಸಿ ಹಾಕಿತು. ರೇಡ್ ಕೂಡ ತನ್ನ ಕೆಲಸ ನಿಷ್ಠೆಯಿಂದ ಮಾಡಿತು. ಎರಡೂ ಡಿಸ್ಕಿನಿಂದ ಒಟ್ಟಿಗೇ ಅಳಿಸಿತು.

ಇಲ್ಲೊಂದು ಸೂಕ್ಷ್ಮ ಇದೆ. ಮೂಲ ಡಿಸ್ಕನ್ನು ಓದುವಾಗ ಎರರ್ ಬಂದರೆ ಆರ್‌ಸಿಂಕ್ ಅಳಿಸುವ ಕೆಲಸವನ್ನು ತಾನಾಗೇ ನಿಲ್ಲಿಸುತ್ತದೆ. ಅಷ್ಟು ಬುದ್ಧಿ ಅದಕ್ಕಿದೆ. ಆದರೆ ಖಾಲಿ ಫೋಲ್ಡರ್ ಎರರ್ ಅಲ್ಲವಲ್ಲ! ಖಾಲಿ ಫೋಲ್ಡರ್ ಅಂದರೆ ಖಾಲಿ ಫೋಲ್ಡರ್, ಅಷ್ಟೇ.

ನನಗೆ ಗೊತ್ತಾಗಿದ್ದು ಎಂಟು ದಿನ ಬಿಟ್ಟು. ಊರಿಂದ ಬಂದಿದ್ದ ಅಪ್ಪಯ್ಯ "ಆ ವಾಲಿವಧೆ ಹಾಕು ಮಾರಾಯ, ಕೇಳದೆ ಸುಮಾರು ದಿನ ಆಯ್ತು" ಅಂದರು. ಫೋಲ್ಡರ್ ತೆಗೆದೆ...

ಸತ್ತ ಡಿಸ್ಕನ್ನು ಡೇಟಾ ರಿಕವರಿ ಮಾಡುವ ಅಂಗಡಿಯೊಂದಕ್ಕೆ ಕೊಟ್ಟೆ. ಮೂರು ವಾರ ಇಟ್ಟುಕೊಂಡು, ಆಗಲ್ಲ ಸಾರ್ ಅಂತ ವಾಪಸ್ ಕೊಟ್ಟರು. 23 ಕ್ಯಾಸೆಟ್ಟಿನಲ್ಲಿ ನಾಲ್ಕು ಮಾತ್ರ ಉಳಿದವು. ಅದೂ ಚಿಕ್ಕಪ್ಪನ ಮಗಳು ಕಾರಿನಲ್ಲಿ ಕೇಳೋಕೆ ಅಂತ ಪೆನ್ ಡ್ರೈವಿಗೆ ಹಾಕಿಕೊಂಡಿದ್ದರಿಂದ. ನನ್ನ ಸರ್ವರ್, ನನ್ನ ನ್ಯಾಸ್, ನನ್ನ ರೇಡ್, ನನ್ನ ಸ್ಕ್ರಿಪ್ಟು ಎಲ್ಲ ಸೇರಿ ಉಳಿಸಿದ್ದು ಸೊನ್ನೆ. ಇನ್ನೂರು ರೂಪಾಯಿಯ ಪೆನ್ ಡ್ರೈವ್ ಉಳಿಸಿದ್ದು ನಾಲ್ಕು.

ನಮ್ಮಲ್ಲೊಂದು ಮಾತಿದೆಯಲ್ಲ, ಕನ್ನಡಿಯೊಳಗಿನ ಗಂಟು ಅಂತ. ನಾವು ಮನೆಯಲ್ಲಿ ಮಾಡಿಕೊಂಡು ಬ್ಯಾಕಪ್ ಅಂತ ಕರೆಯುವುದು ಬಹುಪಾಲು ಅದೇ. ಕನ್ನಡಿ ನಿಮ್ಮ ಮುಖದ ಪ್ರತಿ ಇಟ್ಟುಕೊಳ್ಳುವುದಿಲ್ಲ, ಈ ಕ್ಷಣದ ಮುಖ ತೋರಿಸುತ್ತದೆ. ನೀವು ಪಕ್ಕಕ್ಕೆ ಸರಿದರೆ ಕನ್ನಡಿಯೂ ಖಾಲಿ. ನೀವು ತಪ್ಪಿ ಅಳಿಸಿದ್ದು ರಾತ್ರಿ ಅಲ್ಲೂ ಅಳಿಯುತ್ತದೆ. ನಿಮ್ಮ ಫೈಲು ಹಾಳಾದರೆ ಹಾಳಾದ ಫೈಲೇ ಹೋಗಿ ಒಳ್ಳೆಯದರ ಮೇಲೆ ಕೂರುತ್ತದೆ. ಬ್ಯಾಕಪ್ ಅನ್ನಿಸಿಕೊಳ್ಳಬೇಕಾದರೆ ಅದಕ್ಕೆ ನೆನಪಿರಬೇಕು. ನಿನ್ನೆ ಹೇಗಿತ್ತು, ಹೋದ ವಾರ ಹೇಗಿತ್ತು, ಹೋದ ತಿಂಗಳು ಹೇಗಿತ್ತು ಅಂತ ಕೇಳಿದರೆ ತೆಗೆದು ಕೊಡಬೇಕು. ಕೊಡದಿದ್ದರೆ ಅದು ಕನ್ನಡಿ ಅಷ್ಟೇ.

ರೇಡ್ ವಿಷಯಕ್ಕೂ ಇದೇ ಮಾತು. ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಅನ್ನೋ ಬರ್ಕ್ಲಿಯ ಮೂವರು 1988ರಲ್ಲಿ ರೇಡ್ ಬಗ್ಗೆ ಬರೆದಾಗ ಅವರ ಯೋಚನೆ ಬೇರೆ ಇತ್ತು. ಒಂದು ದೊಡ್ಡ ದುಬಾರಿ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳನ್ನು ಜೋಡಿಸಿ ವೇಗ ಪಡೆಯೋಣ, ಅದರಲ್ಲಿ ಒಂದು ಸತ್ತರೂ ಕೆಲಸ ನಿಲ್ಲದಿರಲಿ ಅಂತ. ಡಿಸ್ಕು ಸಾಯುವುದು ಡೇಟಾ ಕಳೆದುಕೊಳ್ಳುವ ಹತ್ತು ದಾರಿಗಳಲ್ಲಿ ಒಂದು. ಮಿಕ್ಕ ಒಂಬತ್ತಕ್ಕೆ, ಅಂದರೆ ನಮ್ಮ ಕೈತಪ್ಪು, ಸ್ಕ್ರಿಪ್ಟಿನ ತಪ್ಪು, ವೈರಸ್ಸು, ಕಳ್ಳ, ಸಿಡಿಲು ಇವಕ್ಕೆಲ್ಲ ರೇಡ್ ಹತ್ತಿರ ಉತ್ತರ ಇಲ್ಲ.

ಇದೇನು ನಮ್ಮಂಥ ಮನೆ ಸರ್ವರಿನವರ ದಡ್ಡತನ ಮಾತ್ರ ಅಂದುಕೊಳ್ಳಬೇಡಿ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಲ್ಲಿ 2021ರ ಡಿಸೆಂಬರಿನಲ್ಲಿ 77 ಟೆರಾಬೈಟ್ ಡೇಟಾ ಅಳಿಸಿ ಹೋಯಿತು. ಸುಮಾರು 3.4 ಕೋಟಿ ಫೈಲುಗಳು, 14 ಸಂಶೋಧನಾ ಗುಂಪುಗಳದ್ದು. ಅಳಿಸಿದ್ದು ಯಾರು ಗೊತ್ತಾ? ಬ್ಯಾಕಪ್ ಸ್ಕ್ರಿಪ್ಟು! ಓಡುತ್ತಿದ್ದ ಶೆಲ್ ಸ್ಕ್ರಿಪ್ಟಿನ ಮೇಲೆಯೇ ಹೊಸ ಆವೃತ್ತಿಯನ್ನು ಬರೆದುಬಿಟ್ಟರು. ಬ್ಯಾಷ್ ಪಾಪ ಮಧ್ಯದಿಂದ ಹೊಸದನ್ನು ಓದತೊಡಗಿತು. ಇರಬೇಕಾದ ವೇರಿಯಬಲ್ಲಿಗೆ ಬೆಲೆಯೇ ಇರಲಿಲ್ಲ. ಹಳೇ ಲಾಗ್ ಅಳಿಸಬೇಕಾಗಿದ್ದ ಸಾಲು ನಿಜವಾದ ಫೈಲುಗಳನ್ನು ಅಳಿಸುತ್ತಾ ಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅವರ ಬೇಲಿ ದೊಡ್ಡದು, ನಂದು ಸಣ್ಣದು, ಅಷ್ಟೇ ವ್ಯತ್ಯಾಸ.

ಸರಿ, ಹಳೇ ಆವೃತ್ತಿಗಳನ್ನು ಇಟ್ಟುಕೊಳ್ಳಿ ಅಂದ ಕೂಡಲೇ ಎಲ್ಲರದ್ದೂ ಒಂದೇ ರಾಗ. "ಅಷ್ಟು ಜಾಗ ಎಲ್ಲಿದೆ ಮಾರಾಯ? ದಿನಾ ಅಷ್ಟನ್ನೂ ಕಾಪಿ ಮಾಡೋಕೆ ಟೈಮೆಲ್ಲಿದೆ?" ಈ ನೆವವೇ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವುದು. ಯಾಕೆಂದರೆ ಇದು ಶುದ್ಧ ಸುಳ್ಳು. ಲೆಕ್ಕ ಹಾಕೋಣ ಬನ್ನಿ.

ನಿಮ್ಮ ಹತ್ತಿರ 400 ಗಿಗಾಬೈಟ್ ಡೇಟಾ ಇದೆ ಅಂತಿಟ್ಟುಕೊಳ್ಳಿ. ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ 110 ಮೆಗಾಬೈಟ್ ಹೋಗುತ್ತದೆ ಅಂದರೂ ಪೂರ್ತಿ ಕಾಪಿಗೆ ಒಂದು ಗಂಟೆ. ಎಲ್ಲೋ ಮಧ್ಯೆ ಹಳೇ 100 ಮೆಗಾಬಿಟ್ ಸ್ವಿಚ್ಚೋ, ಹಾಳಾದ ಕೇಬಲ್ಲೋ ಇದ್ದರೆ ಹತ್ತು ಗಂಟೆ. (ಒಮ್ಮೆ ನೋಡಿಕೊಳ್ಳಿ, ಬಹಳ ಮನೆಗಳಲ್ಲಿ ಹೀಗೇ ಇರುತ್ತದೆ!) ದಿನಾ ಪೂರ್ತಿ ಕಾಪಿ ಮಾಡಿ 30 ದಿನದ್ದು ಇಟ್ಟುಕೊಂಡರೆ 12 ಟೆರಾಬೈಟ್. ಇದು ಆಗದ ಮಾತು, ಒಪ್ಪಿದೆ.

ಆದರೆ ದಿನಾ 400 ಗಿಗಾಬೈಟ್ ಬದಲಾಗುತ್ತದೆಯೇ? ಮನೆಯಲ್ಲಿ ಒಂದು ದಿನಕ್ಕೆ ಬದಲಾಗುವುದು ಹೆಚ್ಚೆಂದರೆ ಅರ್ಧ ಗಿಗಾಬೈಟ್ ಇರಬಹುದು, ಒಂದಷ್ಟು ಫೋಟೋ, ನಾಲ್ಕು ಕಾಗದ. ಅಷ್ಟನ್ನೇ ಕಳಿಸಿದರೆ ಹಳೇ ಸ್ವಿಚ್ಚಿನಲ್ಲೂ ಒಂದು ನಿಮಿಷ ಬೇಡ. ಆರ್‌ಸಿಂಕ್ ಇರುವುದೇ ಇದಕ್ಕೆ. ಫೈಲಿನ ಅಳತೆ, ತಿದ್ದಿದ ಸಮಯ ಎರಡೂ ಮೊದಲಿನಂತೇ ಇದ್ದರೆ ಅದನ್ನು ಮುಟ್ಟುವುದೇ ಇಲ್ಲ. ಇನ್ನು ಜಾಗದ ಮಾತು. ಅದರಲ್ಲಿ ಲಿಂಕ್-ಡೆಸ್ಟ್ ಅಂತ ಒಂದು ಆಪ್ಷನ್ ಇದೆ. ಪ್ರತಿ ರಾತ್ರಿ ಹೊಸ ತಾರೀಕಿನ ಫೋಲ್ಡರ್ ಮಾಡಿ, ಬದಲಾಗದ ಫೈಲುಗಳಿಗೆ ನಿನ್ನೆಯ ಫೋಲ್ಡರಿನಿಂದ ಹಾರ್ಡ್ ಲಿಂಕ್ ಹಾಕುತ್ತದೆ. ಅಂದರೆ ಒಂದೇ ಫೈಲಿಗೆ ಹಲವು ಹೆಸರು. ನೋಡಿದರೆ 30 ಫೋಲ್ಡರಿನಲ್ಲೂ ಪೂರ್ತಿ ಡೇಟಾ ಕಾಣುತ್ತದೆ. ಹಿಡಿದ ಜಾಗ? 400 ಗಿಗಾಬೈಟಿನ ಮೇಲೆ ಸುಮಾರು 15. 12 ಟೆರಾಬೈಟ್ ಎಲ್ಲಿ, 415 ಗಿಗಾಬೈಟ್ ಎಲ್ಲಿ! ಸ್ಕ್ರಿಪ್ಟು ಬರೆಯಲು ಬೇಜಾರಾದರೆ ಆರ್‌ಸ್ನ್ಯಾಪ್‌ಶಾಟ್ ಅನ್ನೋ ಪ್ಯಾಕೇಜು ಇದನ್ನೇ ಮಾಡಿಕೊಡುತ್ತದೆ. ಇದೆಲ್ಲ ನಿನ್ನೆ ಮೊನ್ನೆ ಬಂದದ್ದಲ್ಲ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಆರ್‌ಸಿಂಕ್ ಹೊರತಂದಿದ್ದು 1996ರಲ್ಲಿ.

ಹಾಗಂತ ಹಾರ್ಡ್ ಲಿಂಕಿನಲ್ಲಿ ಕೊರತೆ ಇಲ್ಲವೇ? ಇದೆ. 20 ಗಿಗಾಬೈಟಿನ ಒಂದು ವರ್ಚುವಲ್ ಮಶಿನ್ ಫೈಲಿನಲ್ಲಿ ಒಂದು ಬೈಟ್ ಬದಲಾದರೂ ಇಡೀ 20 ಗಿಗಾಬೈಟ್ ಹೊಸದಾಗಿ ಕೂರುತ್ತದೆ. ಫೋಟೋ ಫೋಲ್ಡರಿನ ಹೆಸರು ಬದಲಿಸಿದಿರೋ, ಅಷ್ಟೂ ಹೊಸ ಫೈಲು ಅಂದುಕೊಳ್ಳುತ್ತದೆ. ನ್ಯಾಸಿನ ಬದಲು ಎಕ್ಸ್‌ಫ್ಯಾಟ್ ಇರುವ ಯುಎಸ್‌ಬಿ ಡಿಸ್ಕಾದರೆ ಹಾರ್ಡ್ ಲಿಂಕೇ ಇಲ್ಲ. ಇಂಥವರಿಗೆ ಬೋರ್ಗ್ ಇದೆ, ರೆಸ್ಟಿಕ್ ಇದೆ. ಇವು ಫೈಲನ್ನು ತುಂಡು ತುಂಡು ಮಾಡಿ, ಒಮ್ಮೆ ಬಂದ ತುಂಡನ್ನು ಮತ್ತೆ ಇಟ್ಟುಕೊಳ್ಳುವುದಿಲ್ಲ. ಹೆಸರು ಬದಲಿಸಿದರೂ ತುಂಡು ಅದೇ ತಾನೇ? ಹಾಗಾಗಿ ಜಾಗ ಉಳಿಯುತ್ತದೆ. ಮೇಲಿಂದ ಬೀಗ ಹಾಕಿ, ಅಂದರೆ ಎನ್‌ಕ್ರಿಪ್ಟ್ ಮಾಡಿ ಇಡುತ್ತವೆ. ಒಂದೇ ಎಚ್ಚರಿಕೆ. ಬೀಗದ ಪಾಸ್‌ವರ್ಡನ್ನು ಅದೇ ಸರ್ವರಿನಲ್ಲಿ ಮಾತ್ರ ಬರೆದಿಟ್ಟರೆ, ಸರ್ವರ್ ಸತ್ತ ದಿನ ಕೀಲಿಕೈ ತಿಜೋರಿಯ ಒಳಗೇ ಉಳಿದ ಹಾಗೆ. ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ.

ವೇಗ ವೇಗ ಅಂತ ಒದ್ದಾಡುವವರು ಮಾಡುವ ಇನ್ನೊಂದು ತಪ್ಪಿದೆ. ನ್ಯಾಸನ್ನು ಎನ್‌ಎಫ್‌ಎಸ್ಸಿನಲ್ಲೋ ಸಾಂಬಾದಲ್ಲೋ ಸರ್ವರಿಗೆ ಮೌಂಟ್ ಮಾಡಿಕೊಂಡು, ಆ ಫೋಲ್ಡರಿಗೆ ಆರ್‌ಸಿಂಕ್ ಮಾಡುತ್ತಾರೆ. ಆಗ ಆರ್‌ಸಿಂಕ್ ಕಣ್ಣಿಗೆ ಎರಡೂ ಇದೇ ಕಂಪ್ಯೂಟರಿನ ಡಿಸ್ಕು. ಬದಲಾದ ಭಾಗ ಮಾತ್ರ ಕಳಿಸುವ ಅದರ ಹೆಸರಾಂತ ಜಾಣತನವನ್ನು ಬದಿಗಿಟ್ಟು ಪೂರ್ತಿ ಫೈಲನ್ನೇ ದಬ್ಬುತ್ತದೆ. ಆ ಜಾಣತನ ಬೇಕೆಂದರೆ ಆ ತುದಿಯಲ್ಲೂ ಆರ್‌ಸಿಂಕ್ ಇರಬೇಕು, ಎಸ್‌ಎಸ್‌ಎಚ್ ಮೂಲಕವೋ ನ್ಯಾಸಿನ ಆರ್‌ಸಿಂಕ್ ಸೇವೆಯ ಮೂಲಕವೋ. ಮೌಂಟಿನ ಅಪಾಯ ಇನ್ನೊಂದಿದೆ. ಯಾವತ್ತೋ ನ್ಯಾಸ್ ಆಫ್ ಆಗಿದ್ದರೆ ಆ ಖಾಲಿ ಫೋಲ್ಡರಿಗೇ 400 ಗಿಗಾಬೈಟ್ ತುಂಬಲು ಹೊರಟು, ಲಿನಕ್ಸ್ ಇರುವ ಸಣ್ಣ ಡಿಸ್ಕು ಉಬ್ಬಿ ಸರ್ವರ್ ಮಲಗುತ್ತದೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ, ಮೂಲ ನಿಜವಾಗಿ ಮೌಂಟ್ ಆಗಿದೆಯೇ, ಗುರಿ ನಿಜವಾಗಿ ಮೌಂಟ್ ಆಗಿದೆಯೇ ಅಂತ ಕೇಳಿ, ಇಲ್ಲದಿದ್ದರೆ ನಿಂತುಬಿಡುವ ಹಾಗೆ ಬರೆಯಿರಿ. ಮೌಂಟ್‌ಪಾಯಿಂಟ್ ಅನ್ನೋ ಪುಟ್ಟ ಕಮಾಂಡ್ ಲಿನಕ್ಸಿನಲ್ಲಿ ಇರುವುದೇ ಇದಕ್ಕೆ. ಆ ಒಂದು ಸಾಲು ನಾನು ಬರೆದಿದ್ದರೆ ಇವತ್ತು 23 ಕ್ಯಾಸೆಟ್ಟೂ ಇರುತ್ತಿದ್ದವು.

ಏನೆಲ್ಲ ತೆಗೆದಿಡಬೇಕು ಅನ್ನುವುದರಲ್ಲೂ ನಾವು ದಡ್ಡರು. ಇಡೀ ಡಿಸ್ಕನ್ನೇ ಎತ್ತಿಕೊಂಡು ಹೋಗುತ್ತೇವೆ. ಲಿನಕ್ಸನ್ನು ಅರ್ಧ ಗಂಟೆಯಲ್ಲಿ ಮತ್ತೆ ಹಾಕಬಹುದು, ಅದಕ್ಕೆ ಬ್ಯಾಕಪ್ ಯಾಕೆ? ಹಾಕಿದ ಪ್ಯಾಕೇಜುಗಳ ಪಟ್ಟಿ ಒಂದು ಫೈಲಿನಲ್ಲಿದ್ದರೆ ಸಾಕು. ಇಟಿಸಿ ಫೋಲ್ಡರ್, ಹೋಮ್ ಫೋಲ್ಡರ್, ನೀವು ನಡೆಸುವ ಸೇವೆಗಳ ಡೇಟಾ, ಇವಿಷ್ಟೇ ನಿಮ್ಮವು. ಕ್ಯಾಷ್, ಟೆಂಪ್, ಥಂಬ್‌ನೈಲ್ ಎಲ್ಲ ಬಿಡಿ. ಆದರೆ ಡೇಟಾಬೇಸ್ ಇದ್ದರೆ ಹುಷಾರು. ಓಡುತ್ತಿರುವ ಮೈಸೀಕ್ವೆಲ್ಲಿನದ್ದೋ ಪೋಸ್ಟ್‌ಗ್ರೆಸ್ಸಿನದ್ದೋ ಫೈಲುಗಳನ್ನು ಹಾಗೇ ಕಾಪಿ ಮಾಡಿದರೆ, ಒಲೆ ಮೇಲೆ ಕುದಿಯುವ ಸಾರನ್ನು ಫೋಟೋ ತೆಗೆದು ರುಚಿ ನೋಡಿದ ಹಾಗೆ :) ಅರ್ಧ ಹಳೆಯದು, ಅರ್ಧ ಹೊಸದು. ಮೊದಲು ಡಂಪ್ ತೆಗೆಯಿರಿ, ಆಮೇಲೆ ಆ ಡಂಪನ್ನು ಕಳಿಸಿ.

ಇನ್ನು ಬಾಗಿಲ ಪ್ರಶ್ನೆ. ಸರ್ವರಿಗೆ ನ್ಯಾಸಿನಲ್ಲಿ ಬರೆಯುವ, ಅಳಿಸುವ ಹಕ್ಕು 24 ಗಂಟೆಯೂ ಇದ್ದರೆ, ಸರ್ವರಿನೊಳಗೆ ಹೊಕ್ಕವನಿಗೂ ಆ ಹಕ್ಕು ಸಿಕ್ಕಿತು. ನಮ್ಮೂರಲ್ಲಿ ಬೀಜದ ಭತ್ತವನ್ನು ಉಣ್ಣುವ ಭತ್ತದ ಜೊತೆ ಇಡುವುದಿಲ್ಲ. ಬೇರೆಯೇ ಕಟ್ಟಿ ಅಟ್ಟದ ಮೇಲಿಡುತ್ತಾರೆ, ದಿನಾ ಅಡುಗೆಗೆ ಅಳೆಯುವವರ ಕೈಗೆ ಅದು ಸಿಗಬಾರದು. ಬ್ಯಾಕಪ್ಪೂ ಹಾಗೇ. ಸರ್ವರ್ ನ್ಯಾಸಿಗೆ ದಬ್ಬುವ ಬದಲು, ನ್ಯಾಸೇ ಬಂದು ಸರ್ವರಿನಿಂದ ಎಳೆದುಕೊಂಡು ಹೋಗಲಿ. ಆಗ ಸರ್ವರಿನ ಹತ್ತಿರ ನ್ಯಾಸಿನ ಕೀಲಿ ಇರುವುದೇ ಇಲ್ಲ. ಅದಾಗದಿದ್ದರೆ ಬೋರ್ಗಿನಲ್ಲಿ ಸೇರಿಸಲು ಮಾತ್ರ ಬಿಡುವ ವ್ಯವಸ್ಥೆ ಇದೆ, ರೆಸ್ಟಿಕ್ಕಿನ ರೆಸ್ಟ್ ಸರ್ವರಿಗೂ ಇದೆ. ನಿಮ್ಮ ನ್ಯಾಸಿನಲ್ಲಿ ಬಿಟಿಆರ್‌ಎಫ್‌ಎಸ್ಸೋ ಝಡ್‌ಎಫ್‌ಎಸ್ಸೋ ಇದ್ದರಂತೂ ಇನ್ನೂ ಸುಲಭ. ನ್ಯಾಸಿನೊಳಗೇ ದಿನಾ ಒಂದು ಸ್ನ್ಯಾಪ್‌ಶಾಟ್ ತೆಗೆಯುವ ಹಾಗೆ ಮಾಡಿ. ಸರ್ವರಿನಿಂದ ಏನೇ ಅಳಿಸಿದರೂ ಹಳೇ ಸ್ನ್ಯಾಪ್‌ಶಾಟು ಅಲುಗಾಡುವುದಿಲ್ಲ. ನನ್ನ ಗೆಳೆಯನ ಕನ್ನಡಿಗೆ ನೆನಪು ಬರಿಸಲು ಇದೊಂದೇ ಸಾಕು, ಹತ್ತು ನಿಮಿಷದ ಕೆಲಸ.

ನ್ಯಾಸನ್ನು ಮಾತ್ರ ಇಂಟರ್ನೆಟ್ಟಿಗೆ ತೆರೆದಿಡಬೇಡಿ, ಕೈಮುಗಿದು ಹೇಳುತ್ತೇನೆ. 2021ರ ಏಪ್ರಿಲಿನಲ್ಲಿ ಕ್ಯೂಲಾಕರ್ ಅನ್ನೋ ಸುಲಿಗೆ ತಂತ್ರಾಂಶ ಕ್ಯೂನ್ಯಾಪ್ ನ್ಯಾಸುಗಳಿಗೆ ನುಗ್ಗಿ ಫೈಲುಗಳನ್ನೆಲ್ಲ ಪಾಸ್‌ವರ್ಡ್ ಹಾಕಿದ ಕಟ್ಟುಗಳಲ್ಲಿ ತುಂಬಿಟ್ಟು ದುಡ್ಡು ಕೇಳಿತು. ಅದೇ ವರ್ಷ ಜೂನಿನಲ್ಲಿ ವೆಸ್ಟರ್ನ್ ಡಿಜಿಟಲ್ಲಿನ ಹಳೇ ಮೈ ಬುಕ್ ಲೈವ್ ಡಬ್ಬಿಗಳನ್ನು ಯಾರೋ ದೂರದಿಂದಲೇ ರೀಸೆಟ್ ಮಾಡಿ ಖಾಲಿ ಮಾಡಿದರು. ಆ ಡಬ್ಬಿಗಳಿಗೆ ಅಪ್‌ಡೇಟ್ ನಿಂತು ಆರು ವರ್ಷವಾಗಿತ್ತು.

ಇಷ್ಟೆಲ್ಲ ಮಾಡಿದಿರಿ ಅಂತಿಟ್ಟುಕೊಳ್ಳಿ. ಆದರೂ ನಾನು ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ. ವಾಪಸ್ ತೆಗೆದು ನೋಡಿದ್ದೀರಾ?

ಗಿಟ್‌ಲ್ಯಾಬ್ ಕಂಪನಿಯ ಕಥೆ ಕೇಳಿರಬಹುದು. 2017ರ ಜನವರಿ 31. ರಾತ್ರಿ ಹೊತ್ತು ದಣಿದಿದ್ದ ಎಂಜಿನಿಯರ್ ಒಬ್ಬರು ಎರಡನೇ ಸರ್ವರ್ ಅಂದುಕೊಂಡು ಮುಖ್ಯ ಸರ್ವರಿನ ಡೇಟಾಬೇಸ್ ಫೋಲ್ಡರನ್ನೇ ಅಳಿಸಿದರು. ಸುಮಾರು 300 ಗಿಗಾಬೈಟಿನಲ್ಲಿ ನಿಲ್ಲಿಸುವಷ್ಟರಲ್ಲಿ ಉಳಿದದ್ದು ನಾಲ್ಕೂವರೆ. ಹೋಗಲಿ, ಬ್ಯಾಕಪ್ ಇದೆಯಲ್ಲ ಅಂತ ಹೋದರೆ, ದಿನಾ ತೆಗೆಯಬೇಕಿದ್ದ ಡಂಪು ಆವೃತ್ತಿ ಹೊಂದದೆ ಎಷ್ಟೋ ದಿನದಿಂದ ಫೇಲ್ ಆಗುತ್ತಿತ್ತು. ಫೇಲ್ ಆಗಿದೆ ಅಂತ ಬರಬೇಕಿದ್ದ ಇಮೇಲುಗಳು ಯಾರಿಗೂ ತಲುಪದೆ ತಿರಸ್ಕೃತವಾಗುತ್ತಿದ್ದವು! ಕೊನೆಗೆ ಅವರನ್ನು ಕಾಪಾಡಿದ್ದು ಬೇರೇನೋ ಕೆಲಸಕ್ಕೆ ಅಂತ ಆರು ಗಂಟೆ ಮೊದಲು ಆಕಸ್ಮಿಕವಾಗಿ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಆ ಆರು ಗಂಟೆಯ ಡೇಟಾ ಹೋದದ್ದು ಹೋಯಿತು. ಅವರ ದೊಡ್ಡತನ ಅಂದರೆ, ಇದೆಲ್ಲವನ್ನೂ ಮುಚ್ಚಿಡದೆ ಜಗತ್ತಿನ ಮುಂದಿಟ್ಟರು.

ಪಿಕ್ಸಾರ್ ಕಥೆ ಇನ್ನೂ ಹಳೆಯದು. 1998ರಲ್ಲಿ ಟಾಯ್ ಸ್ಟೋರಿ 2 ಸಿನಿಮಾದ ಫೈಲುಗಳನ್ನು ಯಾರೋ ತಪ್ಪು ಕಮಾಂಡಿನಿಂದ ಅಳಿಸಿದರು. ಬ್ಯಾಕಪ್ ನೋಡಿದರೆ ಅದು ಸುಮಾರು ತಿಂಗಳಿಂದ ಸರಿ ಇರಲಿಲ್ಲ. ಸಿನಿಮಾ ಉಳಿದದ್ದು ಹೇಗೆ? ಗ್ಯಾಲಿನ್ ಸಸ್ಮನ್ ಅನ್ನೋ ಹೆಣ್ಣುಮಗಳು ಬಾಣಂತನಕ್ಕೆ ಮನೆಯಲ್ಲಿದ್ದರು. ಮನೆಯಿಂದಲೇ ಕೆಲಸ ಮಾಡಲು ಒಂದು ಪ್ರತಿ ಅವರ ಕಂಪ್ಯೂಟರಿನಲ್ಲಿತ್ತು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಮಗುವಿನ ಹಾಗೆ ಕಾರಿನಲ್ಲಿ ತಂದರಂತೆ. ಓದಿದಾಗ ನಗು ಬಂತು, ಆಮೇಲೆ ನಮ್ಮ ಚಿಕ್ಕಪ್ಪನ ಮಗಳ ಪೆನ್ ಡ್ರೈವ್ ನೆನಪಾಯಿತು.

ನನ್ನದೂ ಬೇರೆಯೇನಲ್ಲ. ಎಲ್ಲ ಮುಗಿದ ಮೇಲೆ ಸರ್ವರಿನಲ್ಲಿ ರೂಟ್ ಬಳಕೆದಾರನ ಅಂಚೆಪೆಟ್ಟಿಗೆ ತೆಗೆದು ನೋಡಿದೆ. ಕ್ರಾನ್ ಪಾಪ ಪ್ರತಿ ರಾತ್ರಿ ಏನೇನು ಅಳಿಸಿದೆ ಅಂತ ಪತ್ರ ಬರೆದಿತ್ತು. ಎರಡು ವರ್ಷದ ಪತ್ರಗಳು. ಒಂದನ್ನೂ ನಾನು ತೆರೆದಿರಲಿಲ್ಲ. ಆ ರಾತ್ರಿಯ ಪತ್ರದಲ್ಲಿ ಸಾವಿರಾರು ಸಾಲು, ಪ್ರತಿ ಸಾಲಿನ ಮುಂದೆ ಡಿಲೀಟಿಂಗ್, ಡಿಲೀಟಿಂಗ್. ಅದರಲ್ಲಿ ವಾಲಿವಧೆಯೂ ಇತ್ತು.

"ಇಷ್ಟೆಲ್ಲ ರಗಳೆ ಯಾಕೆ, ಕ್ಲೌಡಿಗೆ ಹಾಕಿ ಕೂತ್ಕೋ" ಅನ್ನುವವರಿದ್ದಾರೆ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಸಿಂಕ್ ಆಗುವ ಕ್ಲೌಡ್ ಫೋಲ್ಡರ್ ಕೂಡ ಕನ್ನಡಿಯೇ, ದೂರದಲ್ಲಿರುವ ಕನ್ನಡಿ. ಅಲ್ಲಿ ಹಳೇ ಆವೃತ್ತಿ ಎಷ್ಟು ದಿನ ಇಡುತ್ತಾರೆ ಅಂತ ಕೇಳಿಕೊಂಡು ಹಾಕಿ. ಅವರು ಹೇಳುವುದರಲ್ಲಿ ಒಂದು ಮಾತು ನಿಜ. ನ್ಯಾಸ್ ಮತ್ತು ಸರ್ವರ್ ಒಂದೇ ಮನೆಯಲ್ಲಿ, ಒಂದೇ ಪ್ಲಗ್ಗಿನಲ್ಲಿ ಇದ್ದರೆ ಸಿಡಿಲಿಗೆ, ಕಳ್ಳನಿಗೆ ಎರಡೂ ಒಟ್ಟಿಗೇ ಹೋಗುತ್ತವೆ. ಲಿಂಕ್-ಡೆಸ್ಟಿನ 30 ಫೋಲ್ಡರ್ ಕಂಡರೂ ಬದಲಾಗದ ಫೈಲಿನ ಪ್ರತಿ ಡಿಸ್ಕಿನ ಮೇಲೆ ಇರುವುದು ಒಂದೇ, ಅದು ಕೆಟ್ಟರೆ ಮೂವತ್ತೂ ಕೆಟ್ಟವು. ಹಾಗಾಗಿ ಮನೆಯ ಹೊರಗೆ ಇನ್ನೊಂದು ಪ್ರತಿ ಬೇಕೇ ಬೇಕು. ನಾನು ಎರಡು ಯುಎಸ್‌ಬಿ ಡಿಸ್ಕು ಇಟ್ಟುಕೊಂಡಿದ್ದೇನೆ. ಒಂದು ಇಲ್ಲಿ, ಒಂದು ಊರಲ್ಲಿ ಅಮ್ಮನ ಸೀರೆ ಪೆಟ್ಟಿಗೆಯಲ್ಲಿ. ಯುಗಾದಿಗೆ, ದೀಪಾವಳಿಗೆ ಊರಿಗೆ ಹೋದಾಗ ಅದಲುಬದಲು. ಇದಕ್ಕೆ ಇಂಟರ್ನೆಟ್ಟೂ ಬೇಡ, ತಿಂಗಳ ಬಾಡಿಗೆಯೂ ಬೇಡ.

ಈಗ ನನ್ನ ವ್ಯವಸ್ಥೆ ಇಷ್ಟೇ. ನ್ಯಾಸ್ ರಾತ್ರಿ ಬಂದು ಸರ್ವರಿನಿಂದ ಬದಲಾದದ್ದನ್ನು ಎಳೆದುಕೊಳ್ಳುತ್ತದೆ. ನ್ಯಾಸಿನಲ್ಲಿ 30 ದಿನದ, 12 ತಿಂಗಳ ಸ್ನ್ಯಾಪ್‌ಶಾಟು. ಬ್ಯಾಕಪ್ ಆದರೆ ಫೋನಿಗೆ ಒಂದು ಸಂದೇಶ, ಬೆಳಿಗ್ಗೆ ಸಂದೇಶ ಬಾರದಿದ್ದರೆ ಏನೋ ಕೆಟ್ಟಿದೆ ಅಂತ ಅರ್ಥ. ಕೆಟ್ಟಾಗ ಮಾತ್ರ ಕೂಗುವ ಎಚ್ಚರಿಕೆಯನ್ನು ನಂಬಬೇಡಿ, ಕೂಗುವ ಬಾಯಿಯೇ ಕೆಟ್ಟಿರಬಹುದು. ಪ್ರತಿ ರಾತ್ರಿ ಇಡೀ ಕೆಲಸಕ್ಕೆ ಹಿಡಿಯುವುದು ನಾಲ್ಕು ನಿಮಿಷ. ಕನ್ನಡಿ ಇಟ್ಟುಕೊಂಡಿದ್ದಾಗಲೂ ಅಷ್ಟೇ ಹಿಡಿಯುತ್ತಿತ್ತು. ನೆನಪಿಡುವುದಕ್ಕೆ ನಾನು ಹೆಚ್ಚಾಗಿ ಕೊಟ್ಟದ್ದು ಏನೂ ಇಲ್ಲ. ಮೊದಲೇ ಮಾಡಬಹುದಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದೇನೆ, ಅಷ್ಟೇ.

ಅಪ್ಪಯ್ಯ ಅವತ್ತು "ಹೋದ್ರೆ ಹೋಯ್ತು ಬಿಡು, ನಾನು ಹೇಳಿದ್ದು ಎಂತ ಮಹಾ" ಅಂದಿದ್ದರು. ತಿಂಗಳು ಬಿಟ್ಟು ಮರೆತು ಮತ್ತೆ ಕೇಳಿದರು, "ಆ ವಾಲಿವಧೆ ಹಾಕು ಮಾರಾಯ" ಅಂತ. ಉಳಿದ ನಾಲ್ಕರಲ್ಲಿ ವಾಲಿವಧೆ ಇಲ್ಲ. ಇರುವುದು ಕರ್ಣಭೇದನದ ಎರಡು, ಬೇರೆ ಎರಡು. ಈಗ ಅವರಿಗೆ 78, ಆ ದನಿ ಈಗ ಇಲ್ಲ, ಮತ್ತೆ ಹೇಳಿಸಿ ರೆಕಾರ್ಡ್ ಮಾಡುವ ಹಾಗೂ ಇಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಒಂದು ಪದ್ಧತಿ. ಸರ್ವರನ್ನು ಮುಟ್ಟದೆ, ಬ್ಯಾಕಪ್ಪಿನಿಂದ ಮಾತ್ರ, ಬೇರೆ ಲ್ಯಾಪ್‌ಟಾಪಿಗೆ ಕರ್ಣಭೇದನವನ್ನು ವಾಪಸ್ ತೆಗೆಯುತ್ತೇನೆ. ಊರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಕೇಳಿಸುತ್ತೇನೆ. ಅಪ್ಪಯ್ಯ ಆ ತುದಿಯಲ್ಲಿ "ಹೂಂ.. ಹೂಂ.." ಅನ್ನುತ್ತಾ ಕೇಳುತ್ತಾರೆ. ಅಲ್ಲಿಗೆ ಆ ತಿಂಗಳ ಪರೀಕ್ಷೆ ಪಾಸು.

ಗೆಳೆಯನಿಗೆ ನಿನ್ನೆ ಫೋನ್ ಮಾಡಿದೆ. "ಇವತ್ತು ರಾತ್ರಿ ಒಂದು ಕೆಲಸ ಮಾಡು ಮಾರಾಯ. ನಿನ್ನ ಮಗಳ ಮೊದಲ ಹುಟ್ಟುಹಬ್ಬದ ಒಂದು ಫೋಟೋ, ನ್ಯಾಸಿನಿಂದ, ಹೋದ ತಿಂಗಳು ಹೇಗಿತ್ತೋ ಹಾಗೆ ತೆಗೆದು ನಂಗೆ ಕಳಿಸು" ಅಂದೆ. ಇನ್ನೂ ಬಂದಿಲ್ಲ. ನೀವೂ ಇವತ್ತೇ ಪ್ರಯತ್ನಿಸಿ ನೋಡಿ.